ಗಾಳಿ ಕಡಿಮೆಯೋ, ತಂಪು ಕಡಿಮೆಯೋ: ಕಾರಿನ ಎಸಿ ಫಿಲ್ಟರ್ ದೋಷ ಹುಡುಕುವ ಬಗೆ

ಕಾರಿನ ಎಸಿ ಸರಿಯಿಲ್ಲ ಅಂದರೆ ಸಾಕು, ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಗ್ಯಾಸ್ ಕಮ್ಮಿ ಆಗಿರುತ್ತೆ ಸಾರ್, ಹಾಕಿಸಿಬಿಡಿ.’ ಹೋದ ಏಪ್ರಿಲ್‌ನಲ್ಲಿ ನಾನೂ ಹಾಗೇ ಹಾಕಿಸಿದೆ. 1,800 ರೂಪಾಯಿ ಹೋಯಿತು. ಮಾರನೇ ದಿನ ಅಮ್ಮನನ್ನು ಕೂರಿಸಿಕೊಂಡು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೊರಟೆ. ಶಿಡ್ಲಘಟ್ಟ ಬರುವ ಹೊತ್ತಿಗೆ ಅಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ‘ಕಿಟಕಿನಾದ್ರೂ ತೆಗಿಯಪ್ಪ, ಬೆಂದು ಹೋಗ್ತಾ ಇದೀನಿ’ ಅಂದರು. ಕಿಟಕಿ ತೆಗೆಯೋಣ ಅಂದರೆ ಮುಂದೆ ಜಲ್ಲಿ ತುಂಬಿದ ಟಿಪ್ಪರ್.

ತೊಂದರೆ ಇದ್ದದ್ದು ಗ್ಯಾಸಿನಲ್ಲಿ ಅಲ್ಲವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಂಗಡಿಯವರನ್ನೇ ಪೂರ್ತಿ ದೂರುವುದಿಲ್ಲ. ನಾನೇ ಹೋಗಿ ‘ಎಸಿ ಕೂಲ್ ಆಗ್ತಿಲ್ಲ’ ಅಂದಿದ್ದೆ. ‘ಗಾಳಿ ಬರ್ತಿಲ್ಲ’ ಅಂದಿದ್ದರೆ ಅವರು ಬೇರೆ ಕಡೆ ಕೈ ಹಾಕುತ್ತಿದ್ದರೇನೋ. ತಂಪು ಕಡಿಮೆ ಅನ್ನುವುದು ಒಂದು ದೂರು, ಗಾಳಿ ಕಡಿಮೆ ಅನ್ನುವುದು ಇನ್ನೊಂದು. ಕೂತವರಿಗೆ ಎರಡೂ ಸೆಕೆಯೇ. ಆದರೆ ಬೋನೆಟ್ ಕೆಳಗೆ ಹುಡುಕಬೇಕೋ, ಗ್ಲವ್ ಬಾಕ್ಸ್, ಅಂದರೆ ಮುಂದಿನ ಎಡ ಸೀಟಿನ ಎದುರಿರುವ ಡಬ್ಬದ, ಹಿಂದೆ ಹುಡುಕಬೇಕೋ ಅನ್ನುವುದು ಇದರ ಮೇಲೇ ನಿಂತಿದೆ.

ನನ್ನದು ಹನ್ನೊಂದು ವರ್ಷದ ಸಣ್ಣ ಕಾರು. ಸೆಕೆಂಡ್ ಹ್ಯಾಂಡ್. ಕಡಿಮೆ ಬೆಲೆಯ ಮಾದರಿ. ಯಾವ ಕಂಪನಿ ಅನ್ನುವುದು ಇಲ್ಲಿ ಮುಖ್ಯವಲ್ಲ, ಇಲ್ಲಿ ಹೇಳುವುದು ಹೆಚ್ಚುಕಡಿಮೆ ಎಲ್ಲ ಸಣ್ಣ ಕಾರಿಗೂ ಹೊಂದುತ್ತದೆ.

ಮೊದಲು ದೂರು ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಕಾರನ್ನು ನೆರಳಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ. ಎಸಿ ಹಾಕಿ. ಒಳಗಿನ ಗಾಳಿಯೇ ಸುತ್ತುವ ಗುರುತಿಗೆ ಇಡಿ, ಅಂದರೆ ಕಾರಿನೊಳಗೆ ಬಾಣ ತಿರುಗಿರುವ ಚಿತ್ರ ಇರುತ್ತದಲ್ಲ, ಅದು. ಫ್ಯಾನ್ ಪೂರ್ತಿ ಜಾಸ್ತಿ ಮಾಡಿ. ಕಿಟಕಿ ಮುಚ್ಚಿ ಐದು ನಿಮಿಷ ಬಿಡಿ. ಆಮೇಲೆ ಮಧ್ಯದ ವೆಂಟ್ ಮುಂದೆ ಅಂಗೈ ಹಿಡಿಯಿರಿ.

ಗಾಳಿ ಜೋರಾಗಿ ಬರುತ್ತಿದೆ, ಆದರೆ ಬಿಸಿ ಅಥವಾ ಬೆಚ್ಚಗಿದೆ ಅಂದರೆ ಧೂಳು ತಡೆಯುವ ಫಿಲ್ಟರ್ ತಪ್ಪಿತಸ್ಥ ಅಲ್ಲ. ಗ್ಯಾಸ್, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್, ಅದರ ಬಿಸಿ ಆಚೆ ಹಾಕುವ ಕಂಡೆನ್ಸರ್ ಕಡೆ ನೋಡಬೇಕು. ಓಡುವಾಗ ತಂಪಾಗಿದ್ದು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿ ಆದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ಧೂಳು ಮೆತ್ತಿಕೊಂಡಿದೆ. ಕ್ರಷರ್ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಇದು ಮಾಮೂಲು. ಧೂಳಿನ ಮೇಲೆ ಒಂದು ಮಳೆ ಬಿದ್ದರೆ ಗೋಡೆಗೆ ಮಣ್ಣು ಬಳಿದ ಹಾಗೆ ಗಟ್ಟಿಯಾಗುತ್ತದೆ. ಸಣ್ಣಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್‌ನವರ ಪಂಪ್ ಹತ್ತಿರ ಹಿಡಿದರೆ ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಇನ್ನೂ ಹಾಳಾಗುತ್ತದೆ.

ಗಾಳಿ ಕಡಿಮೆ, ಆದರೆ ಬರುವಷ್ಟು ಗಾಳಿ ಚೆನ್ನಾಗಿ ತಣ್ಣಗಿದೆ ಅಂದರೆ ಈ ಬರಹ ನಿಮಗಾಗಿಯೇ. ಅನುಮಾನ ಇದ್ದರೆ ವೆಂಟ್‌ಗೆ ಒಂದು ಥರ್ಮಾಮೀಟರ್ ಸಿಕ್ಕಿಸಿ. ಜ್ವರ ನೋಡುವುದು ಬೇಡ, ಅಡುಗೆಗೆ ಸಿಗುವಂಥದ್ದು. 10 ಡಿಗ್ರಿ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಆ ತಂಪು ನಿಮ್ಮ ತನಕ ಬರುತ್ತಿಲ್ಲ ಅಷ್ಟೇ.

ಗ್ಯಾಸಿನ ಬಗ್ಗೆ ಇನ್ನೊಂದು ಮಾತು. ಅದು ಪೆಟ್ರೋಲಿನ ಹಾಗೆ ಉರಿದು ಖಾಲಿ ಆಗುವುದಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಬೇಗ ಬೇಗ ಕಮ್ಮಿ ಆಗುತ್ತಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಲೀಕ್ ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ಹಾಕಿಸುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಅಳತೆಗಿಂತ ಜಾಸ್ತಿ ಹಾಕಿದರೂ ತಂಪು ಕಡಿಮೆ ಆಗುತ್ತದೆ. ನನ್ನ ಕಾರಿಗೆ ಹಾಗೇ ಆಗಿತ್ತೋ ಏನೋ, ಯಾರೂ ಪ್ರೆಷರ್ ಗೇಜ್ ಹಾಕಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಗಾಳಿ ಬರುವ ದಾರಿ

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂತಿರುವ ಜಾಗದಲ್ಲಿ, ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಅದರ ಕೆಳಗೆ ಒಂದು ಬಾಗಿಲು. ಹೊರಗಿನ ಗಾಳಿಯೋ ಒಳಗಿನ ಗಾಳಿಯೋ ಅಂತ ನೀವು ಒತ್ತುವ ಗುಂಡಿ ತಿರುಗಿಸುವುದು ಇದನ್ನೇ. ಅದಾದ ಮೇಲೆ ಫಿಲ್ಟರ್. ಆಮೇಲೆ ಬ್ಲೋವರ್, ಅಂದರೆ ಅಳಿಲು ಓಡುವ ಚಕ್ರದ ಆಕಾರದ ಫ್ಯಾನ್. ಅದು ಗಾಳಿಯನ್ನು ಕೂಲಿಂಗ್ ಕಾಯಿಲ್, ಅಂದರೆ ತಣ್ಣನೆ ಗ್ಯಾಸ್ ಹರಿಯುವ ರೆಕ್ಕೆ ರೆಕ್ಕೆಯ ಪೈಪುಗಳ, ಮೂಲಕ ತಳ್ಳುತ್ತದೆ. ಕಾಯಿಲ್ ದಾಟಿದ ಗಾಳಿ ಹೀಟರ್ ಪಕ್ಕ ಹಾದು ನಿಮ್ಮ ಮುಖಕ್ಕೋ, ಕಾಲಿಗೋ, ಗಾಜಿಗೋ ಹೋಗುತ್ತದೆ. ಕೆಲವು ಕಾರುಗಳಲ್ಲಿ ಫಿಲ್ಟರ್ ಬ್ಲೋವರ್ ಆದ ಮೇಲೆ ಇರುತ್ತದೆ. ಎರಡರಲ್ಲೂ ಕಾಯಿಲ್‌ಗೆ ಮುಂಚೆಯೇ.

ಫಿಲ್ಟರ್ ಇರುವುದು ನಮ್ಮ ಮೂಗಿಗಾಗಿ ಅಂತ ನಾನು ತಿಳಿದಿದ್ದೆ. ಅದು ಕಾಯುವುದು ಕೂಲಿಂಗ್ ಕಾಯಿಲನ್ನೂ ಹೌದು. ಎಸಿ ಓಡುವಾಗ ಕಾಯಿಲ್ ಒದ್ದೆ. ತಣ್ಣನೆ ಚೊಂಬಿನ ಹೊರಗೆ ನೀರು ಕೂರುವ ಹಾಗೆ ಅದರ ಮೇಲೆ ನೀರು ಕೂರುತ್ತದೆ. ಒದ್ದೆಗೆ ಧೂಳು ಬಿದ್ದರೆ ಏನಾಗುತ್ತದೆ? ಕೆಸರು. ಫಿಲ್ಟರ್ ಕಟ್ಟಿಕೊಂಡರೆ ಹೊಸದು ಹಾಕಿದರೆ ಆಯಿತು, ಕೆಲವು ನೂರು ರೂಪಾಯಿ. ಕಾಯಿಲ್ ಕಟ್ಟಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚುವ ತನಕ ಹೋಗಬಹುದು.

ಬಿಚ್ಚುವ ಮುಂಚೆ ಕೂತಲ್ಲೇ ನೋಡಿ

ಫ್ಯಾನನ್ನು ಒಂದರಿಂದ ನಾಲ್ಕಕ್ಕೆ ಒಂದೊಂದಾಗಿ ಏರಿಸಿ. ಕಿವಿ ಮತ್ತು ಕೈ ಎರಡನ್ನೂ ಕೇಳಿ. ಸದ್ದು ಜೋರಾಗುತ್ತಾ ಹೋಗುತ್ತದೆ, ಗಾಳಿ ಮಾತ್ರ ಅಷ್ಟೇ ಇದೆ ಅಂದರೆ ದಾರಿಯಲ್ಲಿ ಅಡ್ಡ ಇದೆ: ಫಿಲ್ಟರ್ ಅಥವಾ ಕಾಯಿಲ್. ಸದ್ದೇ ಏರುತ್ತಿಲ್ಲ ಅಂದರೆ ಬ್ಲೋವರ್ ಮೋಟರ್ ಅಥವಾ ಅದಕ್ಕೆ ಬರುವ ಕರೆಂಟ್ ಕಡೆ ನೋಡಬೇಕು.

ಒಂದು, ಎರಡು, ಮೂರು ಕೆಲಸ ಮಾಡುವುದಿಲ್ಲ, ನಾಲ್ಕು ಮಾತ್ರ ಮಾಡುತ್ತದೆ ಅಂದರೆ ಕರೆಂಟ್ ತಗ್ಗಿಸಿ ಫ್ಯಾನಿನ ವೇಗ ಇಳಿಸುವ ರೆಸಿಸ್ಟರ್ ಸುಟ್ಟಿದೆ. ಗುಂಡಿ ತಿರುಗಿಸುವ ಹಳೇ ಬಗೆಯ ಎಸಿಗಳಲ್ಲಿ ನಾಲ್ಕನೇ ವೇಗಕ್ಕೆ ಕರೆಂಟ್ ರೆಸಿಸ್ಟರ್ ದಾಟದೆ ನೇರವಾಗಿ ಹೋಗುತ್ತದೆ, ಅದಕ್ಕೇ ಅದೊಂದು ಉಳಿದಿರುತ್ತದೆ. ಇಲ್ಲೊಂದು ಸ್ವಾರಸ್ಯ ಇದೆ. ರೆಸಿಸ್ಟರ್ ತಣ್ಣಗಿರುವುದು ಅದರ ಮೇಲೆ ಹಾಯುವ ಬ್ಲೋವರ್ ಗಾಳಿಯಿಂದಲೇ. ಫಿಲ್ಟರ್ ಕಟ್ಟಿಕೊಂಡು ಗಾಳಿ ಕಮ್ಮಿಯಾದರೆ ರೆಸಿಸ್ಟರ್ ಕಾದು ಸುಡುತ್ತದೆ. ಹೊಸ ರೆಸಿಸ್ಟರ್ ಹಾಕಿಸಿ ಫಿಲ್ಟರ್ ಹಾಗೇ ಬಿಟ್ಟರೆ ಅದೂ ಸುಟ್ಟೀತು. ವರ್ಷಕ್ಕೊಂದು ರೆಸಿಸ್ಟರ್ ಬದಲಾಯಿಸುವವರು ಒಮ್ಮೆ ಫಿಲ್ಟರ್ ನೋಡಬೇಕು.

ಈಗ ಒಳಗಾಳಿಯಿಂದ ಹೊರಗಾಳಿಗೆ ಬದಲಾಯಿಸಿ. ಒಳಗಾಳಿಯಲ್ಲಿ ಜೋರು, ಹೊರಗಾಳಿಯಲ್ಲಿ ಮಾತ್ರ ಕಡಿಮೆ ಅಂದರೆ ವೈಪರ್ ಕೆಳಗಿನ ಜಾಲರಿ ಕಟ್ಟಿಕೊಂಡಿರಬೇಕು. ಎರಡರಲ್ಲೂ ಒಂದೇ ಥರ ಕಡಿಮೆ ಅಂದರೆ ಅಡ್ಡ ಇರುವುದು ಆ ಬಾಗಿಲಿನಿಂದ ಈಚೆಗೆ. ಒಂದೇ ಒಂದು ವೆಂಟ್‌ನಲ್ಲಿ ಕಡಿಮೆ, ಮಿಕ್ಕವು ಸರಿ ಅಂದರೆ ಆ ವೆಂಟ್‌ನದ್ದೇ ಸಮಸ್ಯೆ. ನಮ್ಮ ಮನೆಯಲ್ಲಿ ಒಮ್ಮೆ ಅದರೊಳಗೆ ಎರಡು ನಾಣ್ಯ, ಒಂದು ಚಾಕೊಲೇಟ್ ಕಾಗದ ಸಿಕ್ಕಿತ್ತು. ಯಾರ ಕೆಲಸ ಅಂತ ಹೇಳಬೇಕಾಗಿಲ್ಲ.

ಇನ್ನೊಂದು ದೋಷ ಮೋಸ ಮಾಡುತ್ತದೆ. ಹೊರಟಾಗ ಗಾಳಿ ಚೆನ್ನಾಗಿರುತ್ತದೆ. ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಮೆಲ್ಲಗೆ ಸಾಯುತ್ತದೆ. ಎಸಿ ಆಫ್ ಮಾಡಿ ಬರೀ ಫ್ಯಾನ್ ಹತ್ತು ನಿಮಿಷ ಓಡಿಸಿದರೆ ಮತ್ತೆ ಜೀವ ಬರುತ್ತದೆ. ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ ಅಂತ ಅರ್ಥ. ಗಾಳಿ ಸಾಲದೇ ಕಾಯಿಲ್ ಅತಿ ತಣ್ಣಗಾಗಿ ನೀರು ಹೆಪ್ಪುಗಟ್ಟುತ್ತದೆ. ಕಟ್ಟಿದ ಫಿಲ್ಟರ್ ಇದಕ್ಕೆ ಒಂದು ಕಾರಣ. ಕಾಯಿಲ್‌ನ ತಾಪ ನೋಡುವ ಸೆನ್ಸರ್ ಕೆಟ್ಟಿರುವುದು, ಗ್ಯಾಸ್ ಕಡಿಮೆ ಇರುವುದು ಮಿಕ್ಕ ಕಾರಣಗಳು. ಅಗ್ಗದ್ದನ್ನು ಮೊದಲು ನೋಡಿ.

ಫ್ಯಾನ್ ಹಾಕಿದಾಗ ‘ಟಕ ಟಕ’ ಅಥವಾ ‘ಸರ ಸರ’ ಸದ್ದು ಬಂದು, ವೇಗ ಏರಿಸಿದಂತೆ ಅದೂ ಚುರುಕಾದರೆ ಬ್ಲೋವರ್ ಒಳಗೆ ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿದೆ. ಫಿಲ್ಟರ್ ಇಲ್ಲದ ಕಾರಿಗೆ ಇದು ಒಳ್ಳೆಯ ಸುಳಿವು. ನನ್ನ ಕಾರಿನಲ್ಲಿ ಈ ಸರಸರ ಮೊದಲಿನಿಂದಲೂ ಇತ್ತು. ಹಳೇ ಕಾರು, ಏನೋ ಸದ್ದು ಮಾಡುತ್ತದೆ ಅಂತ ಹಾಡು ಹಾಕಿಕೊಂಡು ಸುಮ್ನೆ ಇದ್ದೆ.

ವಾಸನೆ ಹೇಳುವ ಕಥೆ

ಶಿಡ್ಲಘಟ್ಟದ ಮೇಲೆ ಓಡಾಡುವವರಿಗೆ ರೇಷ್ಮೆ ಬಿಚ್ಚುವ ಕಡೆಯ ವಾಸನೆ ಗೊತ್ತು. ಬೆಂದ ಗೂಡು, ಒಳಗಿನ ಹುಳು, ಒಂಥರಾ ಮೂಗಿಗೆ ಅಂಟುವ ವಾಸನೆ. ನನ್ನ ಕಾರಿನ ಎಸಿಯ ಕೆಟ್ಟ ವಾಸನೆಯನ್ನು ತಿಂಗಳುಗಟ್ಟಲೆ ನಾನು ಅದರ ತಲೆಗೇ ಕಟ್ಟಿದ್ದೆ. ಒಂದು ದಿನ ಮನೆ ಮುಂದೆಯೇ ಎಸಿ ಹಾಕಿದಾಗ ಅದೇ ವಾಸನೆ ಬಂತು. ಹೆಂಡತಿ ಹೇಳಿದಳು, ‘ರೀ, ಇದು ಶಿಡ್ಲಘಟ್ಟ ಅಲ್ಲ. ನಿಮ್ಮ ಕಾರೇ.’

ಹಾಕಿದ ಮೊದಲ ಅರ್ಧ ನಿಮಿಷ ಒದ್ದೆ ಗೋಣಿಚೀಲದ ಹಾಗೆ ಮುಗ್ಗಲು ವಾಸನೆ ಬಂದು ಆಮೇಲೆ ಕಡಿಮೆಯಾದರೆ, ಕಾಯಿಲ್ ಮೇಲೆ ಅಥವಾ ಫಿಲ್ಟರ್ ಮೇಲೆ ಬೂಷ್ಟು ಬೆಳೆದಿದೆ. ಬಿಡದೆ ಬರುವ ಕೊಳೆತ ವಾಸನೆ ಸತ್ತ ಇಲಿಯದ್ದು. ಸಿಹಿಯಾದ ವಾಸನೆ ಬಂದು, ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಜಿಡ್ಡಾದ ಮಂಜು ಕೂತರೆ ಹೀಟರ್‌ನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರುತ್ತಿದೆ, ಅದನ್ನು ಮುಂದೂಡಬೇಡಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಬ್ಲೋವರ್ ನಿಲ್ಲಿಸಿ ವೈರ್ ನೋಡಿಸಿ. ಎಡಗಡೆ ಕಾಲಿನ ಮ್ಯಾಟ್ ಒದ್ದೆ ಆಗುತ್ತಿದ್ದರೆ ಕಾಯಿಲ್‌ನ ನೀರು ಹೊರಗೆ ಹೋಗುವ ಸಣ್ಣ ಪೈಪ್ ಕಟ್ಟಿಕೊಂಡಿದೆ. ಎಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕುತ್ತಿಲ್ಲ ಅಂದರೆ ಅದು ಒಳಗೆಲ್ಲೋ ನಿಲ್ಲುತ್ತಿರಬಹುದು.

ಬಿಚ್ಚುವುದು

ಎಂಜಿನ್ ಆಫ್, ಕೀ ಆಚೆ. ಬಹಳಷ್ಟು ಕಾರುಗಳಲ್ಲಿ ಫಿಲ್ಟರ್ ಇರುವುದು ಗ್ಲವ್ ಬಾಕ್ಸ್ ಹಿಂದೆ. ಡಬ್ಬ ಖಾಲಿ ಮಾಡಿ. ಪೂರ್ತಿ ತೆರೆದು ಎರಡೂ ಪಕ್ಕವನ್ನು ಒಳಗೆ ಅದುಮಿದರೆ ತಡೆ ದಾಟಿ ಕೆಳಗೆ ಇಳಿಯುತ್ತದೆ. ಕೆಲವಕ್ಕೆ ಪಕ್ಕದಲ್ಲಿ ಒಂದು ದಾರ ಅಥವಾ ಕಡ್ಡಿ ಇರುತ್ತದೆ, ಅದನ್ನು ಮೊದಲು ಕಳಚಿ. ಹಳೇ ಪ್ಲಾಸ್ಟಿಕ್ ಚಳಿಗೆ ಬಿರುಸಾಗಿರುತ್ತದೆ. ಡಿಸೆಂಬರ್ ಬೆಳಗ್ಗೆ ಆರು ಗಂಟೆಗೆ ಈ ಕೆಲಸ ಬೇಡ. ಕಾರು ಸ್ವಲ್ಪ ಬಿಸಿಲು ಕಾಯಲಿ, ಕ್ಲಿಪ್ ಮುರಿಯುವುದು ತಪ್ಪುತ್ತದೆ. ಹಳದಿ ಬಣ್ಣದ ವೈರ್ ಅಥವಾ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು.

ಹಿಂದೆ ಅಂಗೈಯಗಲದ ಉದ್ದನೆ ಮುಚ್ಚಳ ಕಾಣುತ್ತದೆ. ಎರಡು ಕ್ಲಿಪ್ ಒತ್ತಿದರೆ ಬರುತ್ತದೆ. ಒಳಗೆ ಮಡಿಕೆ ಮಡಿಕೆಯಾದ ಫಿಲ್ಟರ್. ಎಳೆಯುವಾಗ ಮಟ್ಟಸವಾಗಿ, ನಿಧಾನವಾಗಿ ಎಳೆಯಿರಿ. ವಾಲಿಸಿದರೆ ಮೇಲಿರುವ ಕಸವೆಲ್ಲ ಸೀದಾ ಬ್ಲೋವರ್ ಒಳಗೆ. ಮಾಸ್ಕ್ ಹಾಕಿಕೊಳ್ಳಿ, ಬಟ್ಟೆಯದ್ದಲ್ಲ, ಎನ್95. ಗುಡಿಬಂಡೆ, ಪೇರೇಸಂದ್ರದ ಕಡೆ ಕ್ವಾರಿ, ಕ್ರಷರ್ ಪಕ್ಕ ಓಡಿದ ಕಾರಿನ ಫಿಲ್ಟರ್‌ನಲ್ಲಿ ಕಲ್ಲಿನ ಹಿಟ್ಟೇ ಇರುತ್ತದೆ. ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇದೆ. ಕ್ವಾರಿ ಕೆಲಸಗಾರರ ಶ್ವಾಸಕೋಶ ಹಾಳುಮಾಡುವುದು ಅದೇ.

ಮಾಸ್ಕಿಗೆ ಇನ್ನೊಂದು ಕಾರಣ ಇಲಿ. ಫಿಲ್ಟರ್ ಜಾಗ ಬೆಚ್ಚಗೆ, ಕತ್ತಲೆ, ಮೆತ್ತಗೆ. ಇಲಿಗೆ ಬಾಣಂತನದ ಕೋಣೆ. ಹತ್ತಿ, ಕಡಲೆಕಾಯಿ ಸಿಪ್ಪೆ, ಕಚ್ಚಿದ ಕಾಗದ, ಹಿಕ್ಕೆ ಸಿಕ್ಕರೆ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಡೆಟಾಲ್ ನೀರು ಚಿಮುಕಿಸಿ, ಗ್ಲೌಸ್ ಹಾಕಿಕೊಂಡು ಒದ್ದೆಯಾಗಿ ಒರೆಸಿ ತೆಗೆಯಿರಿ. ಇಲಿ ಜ್ವರ ಬರುವುದು ಇಲಿಯ ಉಚ್ಚೆಯಿಂದ. ಆ ಫಿಲ್ಟರ್ ಎಷ್ಟೇ ಹೊಸದಿದ್ದರೂ ಬಿಸಾಕಿ.

ನನ್ನ ಕಾರಿನಲ್ಲಿ ಮುಚ್ಚಳವೇ ಇರಲಿಲ್ಲ

ಚಿಂತಾಮಣಿಯಲ್ಲಿ ಎಸಿ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರ ಮುಂದೆ ಗ್ಲವ್ ಬಾಕ್ಸ್ ಇಳಿಸಿದೆ. ಒಳಗೆ ಮುಚ್ಚಳದ ಆಕಾರ ಇತ್ತು, ಆದರೆ ಪ್ಲಾಸ್ಟಿಕ್ ಒಂದೇ ತುಂಡು, ತೆರೆಯುವ ಹಾಗಿಲ್ಲ.

‘ಏನಣ್ಣಾ ಇದು, ಮುಚ್ಚಳ ಅಂಟಿಸಿಬಿಟ್ಟಿದ್ದಾರಾ?’ ಅಂದೆ.

‘ಅಂಟಿಸಿಲ್ಲ ಸಾರ್. ನಿಮ್ಮ ಗಾಡಿಗೆ ಫಿಲ್ಟರೇ ಬಂದಿಲ್ಲ. ಟಾಪ್ ಮಾಡೆಲ್‌ಗೆ ಕೊಟ್ಟು ಇದಕ್ಕೆ ಬಿಟ್ಟಿದ್ದಾರೆ. ಜಾಗ ಇದೆ, ಕುಯ್ದು ಹಾಕಬೇಕು.’

ಅಂದರೆ ಹನ್ನೊಂದು ವರ್ಷ ಈ ಕಾರು ಫಿಲ್ಟರ್ ಇಲ್ಲದೆ ಉಸಿರಾಡಿದೆ. ಫಿಲ್ಟರ್ ಬದಲಾಯಿಸೋಣ ಅಂತ ಹೊರಟವನಿಗೆ ಬದಲಾಯಿಸಲು ಫಿಲ್ಟರೇ ಇಲ್ಲ.

ಈ ಸ್ಥಿತಿಯಲ್ಲಿ ಜನ ಮಾಡುವ ತಪ್ಪು ಅಂದರೆ ತಕ್ಷಣ ಕುಯ್ದು ಹೊಸ ಫಿಲ್ಟರ್ ಹಾಕಿಬಿಡುವುದು. ಹಾಕಿದರೆ ಗಾಳಿ ಇನ್ನೂ ಕಡಿಮೆ ಆಗುತ್ತದೆ! ಯಾಕೆಂದರೆ ಕೊಳೆ ಆಗಲೇ ಕಾಯಿಲ್ ಮೇಲೆ ಕೂತಿದೆ, ಅದರ ಮುಂದೆ ನೀವು ಇನ್ನೊಂದು ತಡೆ ಇಟ್ಟ ಹಾಗೆ ಆಯಿತು. ಫಿಲ್ಟರ್ ಹಾಕಿಸಿದ ಮೇಲೆ ಎಸಿ ಹಾಳಾಯಿತು ಅಂತ ಕಿತ್ತು ಬಿಸಾಕಿದವರು ನನಗೇ ಇಬ್ಬರು ಗೊತ್ತು.

ಫಿಲ್ಟರ್ ಇರುವ ಕಾರಾದರೆ ಪರೀಕ್ಷೆ ಸುಲಭ. ಹಳೆಯದನ್ನು ತೆಗೆದು, ಆ ಜಾಗವನ್ನು ಒರೆಸಿ ಚೊಕ್ಕ ಮಾಡಿ, ಮುಚ್ಚಳ ಮಾತ್ರ ಹಾಕಿ, ಒಳಗಾಳಿಗೆ ಇಟ್ಟು ಒಂದೇ ನಿಮಿಷ ಬ್ಲೋವರ್ ಓಡಿಸಿ. ಗಾಳಿ ದಿಢೀರ್ ಅಂತ ಹೆಚ್ಚಿದರೆ ಫಿಲ್ಟರ್‌ದೇ ತಪ್ಪು, ಹೊಸದು ಹಾಕಿ ಮನೆಗೆ ಹೋಗಿ. ಹೆಚ್ಚಲಿಲ್ಲ ಅಂದರೆ ಅಡ್ಡ ಇರುವುದು ಮುಂದೆ, ಕಾಯಿಲ್‌ನಲ್ಲಿ. ಇಡೀ ಕೆಲಸದಲ್ಲಿ ಇಷ್ಟು ಖರ್ಚಿಲ್ಲದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ಫಿಲ್ಟರ್ ಇಲ್ಲದೇ ದಿನಗಟ್ಟಲೆ ಓಡಿಸಬೇಡಿ ಅಷ್ಟೇ.

ನನ್ನ ಕಾರಿಗೆ ಆ ದಾರಿ ಇರಲಿಲ್ಲ. ಮೆಕ್ಯಾನಿಕ್ ಅಣ್ಣ ಬ್ಲೋವರ್ ಇಳಿಸಿದರು. ಬಹಳಷ್ಟು ಸಣ್ಣ ಕಾರುಗಳಲ್ಲಿ ಇದು ಎಡಗಡೆ ಕಾಲಿಡುವ ಜಾಗದ ಮೇಲೆ, ಮೂರು ಸ್ಕ್ರೂ ಮತ್ತು ಒಂದು ಕನೆಕ್ಟರ್‌ನಲ್ಲಿ ನೇತಾಡಿಕೊಂಡಿರುತ್ತದೆ. ಇಳಿಸಿದ ತೂತಿನೊಳಗೆ ಮೊಬೈಲ್ ಕ್ಯಾಮೆರಾ ತೂರಿಸಿ ಫೋಟೋ ತೆಗೆದೆ. ಕಾಯಿಲ್‌ನ ಅಲ್ಯೂಮಿನಿಯಂ ಕಾಣಲೇ ಇಲ್ಲ. ಬೂದು ಬಣ್ಣದ ಕಂಬಳಿ ಹೊದ್ದ ಹಾಗಿತ್ತು.

ಬೆರಳಿನಲ್ಲಿ ಕಿತ್ತು ನೋಡಿದಾಗ ಅದರಲ್ಲಿ ಊರಿನ ವರ್ಷವೇ ಇತ್ತು. ಹೊಂಗೆ ಹೂವು: ಬೇಸಿಗೆಯಲ್ಲಿ ಮರದ ಕೆಳಗೆ ಕಾರು ನಿಲ್ಲಿಸಿದರೆ ಗಾಜಿನ ಬುಡದಲ್ಲಿ ರಾಶಿ ಬೀಳುತ್ತದಲ್ಲ, ಅದೇ. ಹುಣಸೆ ಎಲೆ: ಯಾವ ಜಾಲರಿಯಲ್ಲೂ ತೂರುವಷ್ಟು ಸಣ್ಣದು. ಕ್ರಷರ್ ಧೂಳು ಸಿಮೆಂಟಿನ ಹಾಗೆ ಇವನ್ನೆಲ್ಲ ಹಿಡಿದಿತ್ತು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ರಾಗಿ ಹೊಟ್ಟು.

ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿಬಿಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಬೇಕು. ಮುಂದಿನ ಗಾಡಿ ಎಬ್ಬಿಸಿದ ಹೊಟ್ಟು ನೇರ ನಮ್ಮ ವೈಪರ್ ಬುಡಕ್ಕೆ. ಹೊಟ್ಟು ಹಗುರ, ಬ್ಲೋವರ್ ಸುಲಭವಾಗಿ ಎಳೆದುಕೊಳ್ಳುತ್ತದೆ. ಒದ್ದೆ ಕಾಯಿಲ್‌ಗೆ ಬಿದ್ದ ಮೇಲೆ ಬಿಡುವುದಿಲ್ಲ. ಆ ರಸ್ತೆ ಬಂದಾಗ ನಿಧಾನ ಮಾಡಿ, ಒಳಗಾಳಿಗೆ ಬದಲಾಯಿಸಿ. ಅಂದ ಹಾಗೆ, ದಾಟಿದ ಮೇಲೆ ಇಳಿದು ಕೆಳಗೆ ಒಮ್ಮೆ ನೋಡಿ. ಹುರುಳಿ ಬಳ್ಳಿ ಚಕ್ರದ ನಡುವೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್‌ಗೆ ತಾಗಿದರೆ ಒಣಹುಲ್ಲು ಹೊತ್ತಿಕೊಳ್ಳಬಹುದು. ಅದು ಫಿಲ್ಟರ್ ವಿಷಯ ಅಲ್ಲ, ಆದರೆ ಹೇಳದೆ ಇರಲಾರೆ.

ಅಣ್ಣ ಮೆತ್ತನೆ ಬ್ರಷ್‌ನಲ್ಲಿ ರೆಕ್ಕೆಗಳ ಉದ್ದಕ್ಕೆ ಎಳೆದು, ವ್ಯಾಕ್ಯೂಮ್ ಹಿಡಿದು ಕಂಬಳಿ ತೆಗೆದರು. ಅಡ್ಡ ಎಳೆದರೆ ರೆಕ್ಕೆ ಮಡಚುತ್ತದೆ. ಆಮೇಲೆ ಕಾಯಿಲ್ ತೊಳೆಯುವ ನೊರೆ ಸ್ಪ್ರೇ ಹೊಡೆದು ಇಪ್ಪತ್ತು ನಿಮಿಷ ಬಿಟ್ಟರು. ಕಾರಿನ ಕೆಳಗೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಡ್ಯಾಶ್‌ಬೋರ್ಡ್ ಬಿಚ್ಚುವುದು ತಪ್ಪಿತು. ಕೂಲಿ, ಸ್ಪ್ರೇ ಸೇರಿ 1,200. ಮೊದಲೇ ಇಲ್ಲಿಗೆ ಬಂದಿದ್ದರೆ ಗ್ಯಾಸಿನ ದುಡ್ಡು ಉಳಿಯುತ್ತಿತ್ತು ಅಂದುಕೊಂಡೆ.

ಜಾಗ ಕುಯ್ದು ಫಿಲ್ಟರ್ ಕೂರಿಸುವುದು

ಎಲ್ಲ ಕಾರಿಗೂ ಇದು ಆಗುವುದಿಲ್ಲ. ಒಳಗೆ ಫಿಲ್ಟರ್ ಕೂರಲು ಎರಡೂ ಪಕ್ಕದಲ್ಲಿ ಸಣ್ಣ ಹಳಿ ಇರಲೇಬೇಕು. ಬ್ಲೋವರ್ ಇಳಿಸಿದಾಗ ಮೇಲಕ್ಕೆ ನೋಡಿದರೆ ಕಾಣುತ್ತದೆ. ಹಳಿ ಇಲ್ಲದಿದ್ದರೆ ಬಿಟ್ಟುಬಿಡಿ. ಸ್ಪಂಜು, ಸೊಳ್ಳೆ ಪರದೆ, ಮನೆ ಎಸಿಯ ಜಾಲರಿ ಕತ್ತರಿಸಿ ತುರುಕುವ ಉಪಾಯ ಬೇಡ. ಅದು ಜಾರಿ ಬ್ಲೋವರ್‌ಗೆ ಸುತ್ತಿಕೊಂಡರೆ ಮೋಟರ್ ಹೋಗುತ್ತದೆ. ಅಂಥ ಕಾರಿಗೆ ವೈಪರ್ ಕೆಳಗಿನ ಜಾಲರಿಯನ್ನು ಆಗಾಗ ಚೊಕ್ಕ ಮಾಡುವುದು, ಎರಡು ವರ್ಷಕ್ಕೊಮ್ಮೆ ಕಾಯಿಲ್ ನೋಡಿಸುವುದು, ಇಷ್ಟೇ ದಾರಿ.

ಹಳಿ ಇದ್ದರೆ ಮುಚ್ಚಳದ ಆಕಾರದ ಸುತ್ತ ತೆಳ್ಳಗಿನ ಗೆರೆ ಇರುತ್ತದೆ. ಆ ಗೆರೆಯ ಮೇಲೇ ಕಟರ್ ಬ್ಲೇಡಿನಲ್ಲಿ ಮತ್ತೆ ಮತ್ತೆ ಎಳೆದು ಕುಯ್ಯಿರಿ. ಒಂದೇ ಏಟಿಗೆ ಬಲ ಹಾಕಿದರೆ ಬ್ಲೇಡ್ ಜಾರಿ ಹಿಂದಿನ ವೈರ್ ಕಡಿದೀತು. ಬ್ಲೋವರ್ ಕೆಳಗಿಳಿದಿರುವಾಗಲೇ ಈ ಕೆಲಸ ಮುಗಿಸಿದರೆ ಪ್ಲಾಸ್ಟಿಕ್ ಪುಡಿ ಅದರೊಳಗೆ ಬೀಳುವುದಿಲ್ಲ. ಕುಯ್ದ ತುಂಡನ್ನೇ ಟೇಪ್ ಹಾಕಿ ಮುಚ್ಚಬೇಡಿ. ಮುಚ್ಚಳ ಬಿಡಿಭಾಗವಾಗಿ ಸಿಗುತ್ತದೆ, ಟಾಪ್ ಮಾಡೆಲ್‌ದು ಅಂತ ಕೇಳಿ. ಸರಿಯಾಗಿ ಕೂರದ ಮುಚ್ಚಳ ಶಿಳ್ಳೆ ಹೊಡೆಯುತ್ತದೆ, ಸಂದಿಯಿಂದ ಬರುವ ಗಾಳಿ ಫಿಲ್ಟರ್ ತಪ್ಪಿಸಿ ಒಳಗೆ ಹೋಗುತ್ತದೆ.

ಅಂಗಡಿಯಲ್ಲಿ ಬರೀ ‘ಏರ್ ಫಿಲ್ಟರ್ ಕೊಡಿ’ ಅಂದರೆ ಎಂಜಿನ್‌ದು ಕೊಡುತ್ತಾರೆ. ನಾನು ಒಮ್ಮೆ ತಂದು ವಾಪಸ್ ಕೊಟ್ಟು ಬಂದೆ. ‘ಎಸಿ ಫಿಲ್ಟರ್’ ಅಥವಾ ‘ಕ್ಯಾಬಿನ್ ಫಿಲ್ಟರ್’ ಅನ್ನಿ. ಕಾರಿನ ಹೆಸರು, ತಯಾರಾದ ವರ್ಷ, ಪೆಟ್ರೋಲೋ ಡೀಸೆಲೋ ಹೇಳಿ.

ಎರಡು ಬಗೆ ಮುಖ್ಯ. ಬಿಳಿಯದು ಧೂಳಿಗೆ. ಬೂದು ಅಥವಾ ಕಪ್ಪು ಬಣ್ಣದ್ದು ಇದ್ದಿಲಿನದ್ದು, ಧೂಳಿನ ಜೊತೆ ಹೊಗೆ, ವಾಸನೆಯನ್ನೂ ಸ್ವಲ್ಪ ಹೀರುತ್ತದೆ. ಈಗ ಪಿಎಂ 2.5 ಅಂತ ಬರೆದದ್ದೂ ಬರುತ್ತಿದೆ. 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ ಹಿಡಿಯುವುದು ಅಂತ ಅದರ ಅರ್ಥ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿಕೊಳ್ಳಿ. ಆದರೆ ಸಾಮಾನ್ಯವಾಗಿ ಫಿಲ್ಟರ್ ದಟ್ಟವಾದಷ್ಟೂ ಗಾಳಿ ಕಡಿಮೆ, ಹಳೇ ಬ್ಲೋವರ್‌ಗೆ ಅದನ್ನು ಎಳೆಯುವ ಶಕ್ತಿ ಇರುವುದಿಲ್ಲ. ನಮ್ಮ ರಸ್ತೆಗೆ, ಹಳೇ ಕಾರಿಗೆ ಬಿಳಿಯದನ್ನೇ ಹಾಕಿ ಬೇಗ ಬೇಗ ಬದಲಾಯಿಸುವುದು ಮೇಲು ಅನ್ನುವುದು ನನ್ನ ಲೆಕ್ಕ. ಬೆಂಗಳೂರಿನ ಟ್ರಾಫಿಕ್ ಹೊಗೆಯಲ್ಲಿ ದಿನಾ ನಿಲ್ಲುವವರಿಗೆ ಇದ್ದಿಲಿನದ್ದು.

ಚೌಕಟ್ಟಿನ ಮೇಲೆ ಬಾಣದ ಗುರುತು ಇರುತ್ತದೆ. ಗಾಳಿ ಹೋಗುವ ದಿಕ್ಕು ಅದು. ಫಿಲ್ಟರ್ ಬ್ಲೋವರ್ ಮೇಲೆ ಇರುವ ಕಾರುಗಳಲ್ಲಿ ಬಾಣ ಕೆಳಗೆ ನೋಡಬೇಕು. ಗೊತ್ತಾಗದಿದ್ದರೆ ಫ್ಯಾನ್ ಒಂದಕ್ಕೆ ಇಟ್ಟು ಫಿಲ್ಟರ್ ಜಾಗದ ಬಾಯಿಗೆ ತೆಳ್ಳಗಿನ ಕಾಗದದ ಪಟ್ಟಿ ಗಟ್ಟಿಯಾಗಿ ಹಿಡಿಯಿರಿ. ಅದು ಯಾವ ಕಡೆ ಎಳೆಯುತ್ತದೋ ಬಾಣ ಆ ಕಡೆ. ಕಾಗದ ಕೈಬಿಡಬೇಡಿ ಮಾತ್ರ!

ಹಳೇ ಫಿಲ್ಟರ್ ತೊಳೆದು ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ತೊಳೆಯಬಹುದು ಅಂತ ಅದರ ಮೇಲೇ ಬರೆದಿದ್ದರೆ ಮಾತ್ರ. ಮಿಕ್ಕವು ನೀರಿಗೆ ಬಿದ್ದರೆ ಮಡಿಕೆ ಕುಸಿಯುತ್ತದೆ, ಸಣ್ಣ ಕಣ ಹಿಡಿಯುವ ಗುಣ ಹೋಗುತ್ತದೆ, ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತದೆ. ತುರ್ತಿಗೆ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ ಹೊಟ್ಟು ಉದುರಿಸಿ. ಪಂಕ್ಚರ್ ಅಂಗಡಿಯ ಗಾಳಿ ಹತ್ತಿರ ಹಿಡಿದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ಹಾಕಿದ ಮೇಲೂ ಧೂಳು ಬಂದರೆ

ಹೊಸ ಫಿಲ್ಟರ್, ಚೊಕ್ಕ ಕಾಯಿಲ್. ಗಾಳಿ ಮೂರನೇ ವೇಗದಲ್ಲೇ ಮೊದಲಿನ ನಾಲ್ಕನ್ನು ಮೀರಿಸಿತು. ಆದರೂ ಒಂದು ವಾರದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಮತ್ತೆ ಧೂಳು. ಫಿಲ್ಟರ್ ಸರಿಯಿಲ್ಲವೇನೋ ಅಂತ ಬಿಚ್ಚಿ ನೋಡಿದೆ, ಸರಿಯಾಗೇ ಕೂತಿತ್ತು.

ಧೂಳು ಬರುತ್ತಿದ್ದದ್ದು ಹಿಂದಿನ ಡಿಕ್ಕಿ ಬಾಗಿಲಿನಿಂದ. ಕಾರು ಓಡುವಾಗ ಹಿಂಭಾಗದಲ್ಲಿ ಧೂಳಿನ ಸುಳಿ ಏಳುತ್ತದೆ, ರಬ್ಬರ್ ಬೀಡಿಂಗ್ ಹಳೆಯದಾಗಿದ್ದರೆ ಅಲ್ಲಿಂದ ಒಳಗೆ ಎಳೆದುಕೊಳ್ಳುತ್ತದೆ. ನಾನು ಧೂಳು ಅಂತ ಹೆದರಿ ಸದಾ ಒಳಗಾಳಿಯಲ್ಲೇ ಓಡಿಸುತ್ತಿದ್ದೆ. ಅದೇ ತಪ್ಪು. ಹೊರಗಾಳಿಗೆ ಇಟ್ಟು ಫ್ಯಾನ್ ಎರಡರಲ್ಲಿ ಓಡಿಸಿದರೆ ಒಳಗೆ ಸ್ವಲ್ಪ ಒತ್ತಡ ಇರುತ್ತದೆ. ಸಂದಿಗಳಿಂದ ಗಾಳಿ ಆಚೆ ಹೋಗುತ್ತದೆ, ಧೂಳು ಒಳಗೆ ಬರುವುದಿಲ್ಲ. ಫಿಲ್ಟರ್ ಇರುವ ಕಾರಿಗೆ ಮಾತ್ರ ಈ ಮಾತು. ಟಿಪ್ಪರ್ ಹಿಂದೆ ಸಿಕ್ಕಿಕೊಂಡಾಗ ಒಳಗಾಳಿ, ದಾಟಿದ ಮೇಲೆ ಹೊರಗಾಳಿ. ಕಿಟಕಿ ಮುಚ್ಚಿ ಗಂಟೆಗಟ್ಟಲೆ ಒಳಗಾಳಿಯಲ್ಲೇ ನಾಲ್ಕು ಜನ ಕೂತರೆ ತಲೆ ಭಾರ, ಆಕಳಿಕೆ ಬರುವುದೂ ಇದರಿಂದಲೇ. ಡಿಕ್ಕಿ ಬೀಡಿಂಗ್‌ಗೆ ಒಂದು ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಆ ಜಾಗ ಸೋರುತ್ತದೆ. ನನ್ನದು ಎಡ ಮೂಲೆಯಲ್ಲಿ ಸೋರುತ್ತಿತ್ತು, ಬೀಡಿಂಗ್ ಬದಲಾಯಿಸಿದೆ.

ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್‌ಗೆ ಹೇಳುವುದು 10,000ದಿಂದ 15,000 ಕಿಲೋಮೀಟರ್ ಅಥವಾ ಒಂದು ವರ್ಷ, ಧೂಳು ಜಾಸ್ತಿ ಇರುವಲ್ಲಿ ಇನ್ನೂ ಬೇಗ. ನಾನು ಹಾಕಿದ ಫಿಲ್ಟರ್‌ನ ಅಂಚಿಗೆ ಪೆನ್ನಿನಲ್ಲಿ ತಾರೀಕು ಮತ್ತು ಮೀಟರ್ ಅಂಕಿ ಬರೆದಿದ್ದೆ. ಜನವರಿಯಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲೆ, ತೆಗೆದು ನೋಡಿದೆ. 6,400 ಕಿಲೋಮೀಟರ್ ಅಷ್ಟೇ ಓಡಿತ್ತು. ಮಡಿಕೆಗಳ ನಡುವೆ ಹೊಟ್ಟು ತುಂಬಿ ಮಟ್ಟಸವಾಗಿತ್ತು. ಅಂಗಳದಲ್ಲಿ ತಟ್ಟಿದಾಗ ಅಮ್ಮ ಬಗ್ಗಿ ನೋಡಿದರು. ‘ಇಷ್ಟು ಹೊಟ್ಟಿದ್ರೆ ಒಂದು ಸೇರು ರಾಗಿನಾದ್ರೂ ಇರಬೇಕಲ್ಲಪ್ಪ’ ಅಂದರು. ಹುಡುಕಿದೆವು, ಏಳು ಕಾಳು ಸಿಕ್ಕಿದವು. ಅದೇ ದಿನ 280 ರೂಪಾಯಿ ಕೊಟ್ಟು ಹೊಸದು ಹಾಕಿದೆ.